ಹದಿನೇಳನೆಯ ಕಂಬ

ಹೋದ ವರ್ಷ ಹದಿನೇಳನೆಯ ಕಂಬದ ಮೇಲೆ ಗೂಡು ಕಟ್ಟಿ
ಊರಿಗೆ ಊರೇ ಕತ್ತಲು ಮಾಡಿದ ಜೋಡಿ ಇದು.
ಒದ್ದೆ ಕಡ್ಡಿಯೊಂದು ತಂತಿಗೆ ತಾಗಿದ್ದಷ್ಟೇ.
ಅರ್ಧ ದಿನ ಕರೆಂಟಿಲ್ಲದೆ ವೆರ್ನಾ ಝಿಂಕಳ ಶೀತಪೆಟ್ಟಿಗೆಯಲ್ಲಿ
ಲಾಬ್‌ಸ್ಟರ್ ಬುಟ್ಟಿಗೆಂದಿಟ್ಟ ಎರೆಮೀನೆಲ್ಲ ನಾರಿತು.

ಪಕ್ಕದಲ್ಲೇ ಇನ್ನೊಂದು ಕಂಬ ನೆಟ್ಟೆವು,
ತಂತಿಯಿಲ್ಲದ್ದು, ಬರೀ ಹಲಗೆ ಹೊತ್ತದ್ದು.
ಬಾಡಿಗೆಯಿಲ್ಲದ ಮನೆ, ಅಂದ ಜತೆಯ ಹುಡುಗ ಏಮರಿ.
ಬರುತ್ತವೋ ಇಲ್ಲವೋ. ಹಕ್ಕಿಗೆ ನೋಟೀಸು ಕೊಡಲಾದೀತೆ?

ಏಪ್ರಿಲ್ ಹದಿನಾಲ್ಕು.
ಲಾಹೇವ್ ಹೊಳೆಯ ಅಂಚಿನಲ್ಲಿ ಇನ್ನೂ ಕೊಳಕು ಮಂಜುಗಡ್ಡೆ.
ಗಂಡು ಮೀನುಗಿಡುಗ ಮೊದಲು ಬಂತು.
ಹಳೆಯ ಕಂಬಕ್ಕೆ ಎರಡು ಸುತ್ತು, ಹೊಸದಕ್ಕೆ ಒಂದು,
ಮತ್ತೆ ಹಳೆಯದಕ್ಕೆ,
ಮನೆ ಬದಲಿಸಿದವರ ಕಾಲು ಸಂಜೆ ಹಳೆಯ ಬೀದಿಗೇ ತಿರುಗುವ ಹಾಗೆ.
ಆರನೆಯ ದಿನ ಹೆಣ್ಣು ಬಂತು.
ಅದು ಯೋಚಿಸಲೇ ಇಲ್ಲ, ಇಳಿದು ಕೂತಿತು.

ಆಮೇಲೆ ಸಾಮಾನು ಸಾಗಿಸಿದ್ದೇ ಸಾಗಿಸಿದ್ದು:
ಒಣಕೊಂಬೆ, ಕಡಲಪಾಚಿ, ಹಗ್ಗದ ಚೂರು, ಗೊಂಬೆಯ ತೋಳು,
ಮಾರ್ಚಿನಲ್ಲಿ ನಾನು ಕಳೆದುಕೊಂಡ
ಕಿತ್ತಳೆ ಬಣ್ಣದ ಎಡಗೈ ಗವಸು.
ದುರ್ಬೀನಿನಲ್ಲಿ ಅದನ್ನು ಕಂಡಾಗ
ನನ್ನ ಎಡಗೈ ತಾನಾಗಿ ಬೆರಳು ಮಡಿಸಿತು.

ಎಷ್ಟು ಮೊಟ್ಟೆಯೋ, ಕೆಳಗಿನವರಿಗೆ ತಿಳಿಯದು.
ಐದು ವಾರ ಅಂಚಿನ ಮೇಲೆ ಒಂದು ಬೆರಳಷ್ಟು ಬಿಳಿ ತಲೆ,
ಆಲಿಕಲ್ಲು ಬಿದ್ದರೂ ಏಳದ್ದು.
ಗಂಡು ಗ್ಯಾಸ್ಪರೋ ಹಿಡಿದು ತರುತ್ತಿತ್ತು,
ಮೀನಿನ ಮೂತಿ ಗಾಳಿಗೆ ಎದುರಾಗಿ,
ತಲೆ ತಾನು ತಿಂದು ಉಳಿದದ್ದು ಹೆಣ್ಣಿಗೆ.
ನಮ್ಮ ಮನೆಯಲ್ಲೂ ಒಬ್ಬ ಹೀಗೇ ಇದ್ದ, ಅಂದಳು ವೆರ್ನಾ,
ಮುಂದೆ ಹೇಳಲಿಲ್ಲ,
ದೋಣಿಯ ಮೇಲೆ ಬಿದ್ದ ಹಿಕ್ಕೆ ತಿಕ್ಕಿದಳು.

ಜೂನಿನಲ್ಲಿ ಮೂರು ತಲೆ.
ಜುಲೈಯಲ್ಲಿ ಬಿಳಿತಲೆಯ ಹದ್ದು ಒಮ್ಮೆ ಬಂದು ಹೋಯಿತು.
ಎರಡು.

ಒಂದು ಮರಿ ಏಳುತ್ತಿಲ್ಲವೆಂದು ವೆರ್ನಾಳೇ ಫೋನು ಮಾಡಿದ್ದು.
ತೊಟ್ಟಿಲ ಲಾರಿಯಲ್ಲಿ ಮೇಲೆ ಹೋದೆ.
ತಾಯಿ ಹೆಲ್ಮೆಟ್ಟಿಗೆ ಎರಡು ಬಾರಿ ಉಗುರೆಳೆಯಿತು.
ಮರಿ ಸತ್ತಂತೆ ಚಪ್ಪಟೆ ಮಲಗಿ, ಕಣ್ಣು ಮಾತ್ರ ಹಳದಿ ಉರಿ;
ಕಾಲಿಗೆ ಮೂರು ಸುತ್ತು ನೀಲಿ ನೈಲಾನ್.
ಕತ್ತರಿಸಿದೆ. ಒಂದು ಬೆರಳು ಆಗಲೇ ಕಪ್ಪಾಗಿತ್ತು.
ಗವಸು ಕೈಗೆಟುಕುವಷ್ಟೇ ದೂರ. ಬಿಟ್ಟು ಬಂದೆ.

ಕೆಳಗೆ ಬಂದು ಹಗ್ಗ ತೋರಿಸಿದಾಗ
ವೆರ್ನಾ ತನ್ನ ಬುಟ್ಟಿಗಳ ಸಾಲಿನತ್ತ ನೋಡಿದಳು.
ಆ ನೀಲಿ ಯಾರದೆಂದು ಇಬ್ಬರಿಗೂ ಗೊತ್ತಿತ್ತು.
ಮಾರನೆಯ ಬೆಳಿಗ್ಗೆ ದಕ್ಕೆಯ ಮೇಲೆ ಅವಳು
ಬಗ್ಗಿ ಬಗ್ಗಿ ಏನೋ ಹೆಕ್ಕುತ್ತಿದ್ದಳು.

ಹೆಣ್ಣು ಹೋದದ್ದು ಯಾವ ದಿನವೋ, ನಾನು ಬರೆದಿಟ್ಟಿಲ್ಲ.
ನಂತರ ದೊಡ್ಡ ಮರಿ.
ನಂತರ, ಸೆಪ್ಟೆಂಬರ್ ಹತ್ತೊಂಬತ್ತಕ್ಕೆ, ಬೆರಳು ಕಪ್ಪಾದದ್ದು,
ದಾರಿ ಕೇಳದೆ, ನೇರ ಕಡಲ ಮೇಲೆ.
ಸಂಜೆ ಗಂಡು ಮೀನು ತಂತು.
ಬರಿಗೂಡಿನ ಅಂಚಿನಲ್ಲಿ ಕತ್ತಲಾಗುವ ತನಕ ಹಿಡಿದು ಕೂತು
ಕೊನೆಗೆ ತಾನೇ ತಿಂದಿತು.

ಅಕ್ಟೋಬರಿನ ಬಿರುಗಾಳಿಗೆ ಹದಿನೇಳರ ತಂತಿ ಹರಿಯಿತು.
ಸರಿಮಾಡಿ ತಲೆಯೆತ್ತಿದರೆ ಕಣ್ಣ ಮಟ್ಟಕ್ಕೆ ಆ ಗೂಡು,
ಗವಸಿನ ಬೊಗಸೆಯಲ್ಲಿ ಮಳೆಯ ನೀರು.
ಲೈನು ಬಿಡಲಾ, ಏಮರಿ ಕೆಳಗಿಂದ ಕೂಗಿದ.
ತಡಿ, ಅಂದೆ.