ಬಿನ್ನವತ್ತಳೆ ಓದುವಾಗ

"ಬಾಲಸಾಹಿತ್ಯ ಕ್ಷೇತ್ರದಲ್ಲಿ ತಾವು ಗೈದ
ಅವಿಸ್ಮರಣೀಯ, ಅತ್ಯಮೂಲ್ಯ..."
ನಿರೂಪಕರು ಉಸಿರು ಬಿಡದೆ ಓದುತ್ತಿದ್ದರು.
ನಾನು ಒತ್ತಕ್ಷರ ಎಣಿಸುತ್ತ ಕೂತಿದ್ದೆ.
ಶಿವಮೊಗ್ಗದ ಏಪ್ರಿಲ್ ಸೆಕೆ,
ಕಿವಿಯವರೆಗೆ ಇಳಿದ ಜರಿಪೇಟ.

ಜೀವಮಾನ ಸಾಧನೆಯಂತೆ.
ನನ್ನ ಓದುಗರ ಜೀವಮಾನ ಮೂರೇ ವರ್ಷ ಸ್ವಾಮಿ.
ಅಕ್ಷರ ಕೂಡಿಸಲು ಬಂದ ದಿನ ಹುಟ್ಟುತ್ತಾರೆ,
ಐದನೇ ಕ್ಲಾಸಿಗೆ ಮೀಸೆ ಬಂದವರ ಹಾಗೆ
"ಅದು ಚಿಕ್ಕೋರದ್ದು" ಅಂತ ದಾಟಿ ಹೋಗುತ್ತಾರೆ.
ನಲವತ್ತು ವರ್ಷ ಒಂದೇ ಬಸ್ ಸ್ಟಾಪಿನಲ್ಲಿ ನಿಂತು
ಹತ್ತಿಸಿ ಕಳಿಸಿದ್ದೇನೆ.

ಕೆಲಸ ಭದ್ರಾವತಿಯ ಕಾಗದದ ಮಿಲ್ಲಿನಲ್ಲಿ,
ಕಟಿಂಗ್ ಸೆಕ್ಷನ್ನು.
ಅಂಚು ಕತ್ತರಿಸಿ ಬಿದ್ದ ಪಟ್ಟಿ, ನಾಲ್ಕು ಬೆರಳಗಲ.
ಬರೆದದ್ದೆಲ್ಲ ಅದರ ಮೇಲೆ.
ನನ್ನ ಸಾಲು ಯಾಕೆ ಗಿಡ್ಡ ಎಂದು
ವಿಮರ್ಶಕರೊಬ್ಬರು ಲಯದ ಬಗ್ಗೆ ಮೂರು ಪುಟ ಬರೆದರು.
ಪಟ್ಟಿ ಇದ್ದದ್ದೇ ಅಷ್ಟು.
ಮಿಲ್ಲು ಮುಚ್ಚಿತು. ಇನ್ನೂ ಒಂದು ಟ್ರಂಕು ಉಳಿದಿದೆ.

ಬಾಯ್ಲರ್ ರುದ್ರಯ್ಯನ ಮಗಳು ಪಂಕಜಾಕ್ಷಿ,
ಏಳು ವರ್ಷ, ಮುಂದಿನ ಎರಡು ಹಲ್ಲಿಲ್ಲ,
ಇಲಿಯ ಪದ್ಯ ಓದಿ
"ಇದು ಇಲಿ ಅಲ್ಲ ಮಾಮ, ಮೇಷ್ಟ್ರು" ಅಂದಳು.
ರಾತ್ರಿ ಪಾಳಿಯೆಲ್ಲ ಅದೇ ಯೋಚನೆ.
ನಿಜ, ನನ್ನ ಇಲಿ ಬುದ್ಧಿ ಹೇಳುತ್ತಿತ್ತು.
ಬೆಳಿಗ್ಗೆ ಅದರ ಬಾಯಿಂದ ನೀತಿ ಕಿತ್ತು
ಕೊಬ್ಬರಿ ಚೂರು ಇಟ್ಟೆ.
ಬಿನ್ನವತ್ತಳೆಯಲ್ಲಿ ಅವಳ ಹೆಸರಿಲ್ಲ.

ಮುಂದಿನ ಎರಡು ಸಾಲು ಕುರ್ಚಿ ತುಂಬಲು
ಯಾವುದೋ ಶಾಲೆಯಿಂದ ವ್ಯಾನಿನಲ್ಲಿ ತಂದ ಮಕ್ಕಳು.
ಮಿಸ್ಸು ಕಣ್ಣು ಬಿಟ್ಟಾಗ ಚಪ್ಪಾಳೆ.
ಒಬ್ಬ ಚಪ್ಪಲಿಯ ಅಟ್ಟೆ ಕೀಳುತ್ತಿದ್ದ.
ಒಬ್ಬಳು ನನ್ನ ತೊಡೆಯ ಮೇಲಿನ ಹಣ್ಣಿನ ಬುಟ್ಟಿಯನ್ನು
ರೆಪ್ಪೆ ಹಾಕದೆ ನೋಡುತ್ತಿದ್ದಳು.
ಹಣ್ಣನ್ನಲ್ಲ,
ಬುಟ್ಟಿಗೆ ಸುತ್ತಿದ ಹಳದಿ ಬಣ್ಣದ ಜಿಲೇಟಿನ್ ಕಾಗದವನ್ನು.

ಕಾಗದದ ವಿಷಯ ನನಗೆ ಗೊತ್ತು.

"ಎರಡು ಮಾತು" ಎಂದರು. ಎದ್ದೆ.
ಮೈಕಿನ ಪಕ್ಕದಿಂದ ಹಾದು, ಮೆಟ್ಟಿಲಿಳಿದು,
ಗಂಟು ಬಿಚ್ಚಿ ಅವಳ ಕೈಗಿಟ್ಟೆ.
ಒಂದು ಮೋಸಂಬಿ ಉರುಳಿಕೊಂಡು ಹೋಯಿತು.
ಅವಳು ಕಾಗದ ಕಣ್ಣಿಗೆ ಹಿಡಿದಳು:
ಅಧ್ಯಕ್ಷರು ಹಳದಿ, ಬ್ಯಾನರು ಹಳದಿ,
ಗೋಡೆಯ ಗಡಿಯಾರ, ಮಿಸ್ಸಿನ ಸೀರೆ.

"ಅಜ್ಜಾ, ನಿಮ್ಮ ಟೋಪಿ ಮಾತ್ರ ಹಂಗೇ ಇದೆ."
ತೆಗೆದೆ.
"ಈಗ ತಲೇನೂ ಹಳದಿ."

ಚಪ್ಪಲಿಯವನು ನನಗೆ ನನಗೆ ಎಂದ.
ಕಾಗದ ಎರಡನೇ ಸಾಲಿಗೆ ದಾಟಿತು.
ಹಿಂದೆ ಮೈಕು ಕುಂಯ್ ಎನ್ನುತ್ತಿತ್ತು.
ನಾನೂ ಸಾಲಿನಲ್ಲಿ ನಿಂತೆ.