ಆಟಕ್ಕುಂಟು

ಇಲ್ಲಿ, ಕಲೋನ್ ಪಟ್ಟಣದ ಪಡುವಲಿಗೆ,
ಅಕ್ಟೋಬರಿನ ಕೊನೆಯ ಭಾನುವಾರ
ರಾತ್ರಿ ಮೂರು ಹೊಡೆಯುವ ಹೊತ್ತಿಗೆ ಮತ್ತೆ ಎರಡಾಗುತ್ತದೆ.
ರೈಲುಗಳು ಯಾವುದೋ ನಿಲ್ದಾಣದಲ್ಲಿ ಸುಮ್ಮನೆ ನಿಂತು ಕಾಯುತ್ತವೆ.
ಎರಡು ಸಲ ಬರುವ ಗಂಟೆಗೆ ಬಿಲ್ಲು ಮಾಡಲು
ನಮ್ಮ ಲೆಕ್ಕದ ತಂತ್ರಾಂಶಕ್ಕೆ ಬರುವುದಿಲ್ಲ.
ಅದಕ್ಕೇ ಅದನ್ನು ವೀಬ್ಕೆಗೆ ಬಿಟ್ಟುಕೊಟ್ಟರು.

ನಾನು ನೀರು ನೋಡುವವನು. ಪೈಪು, ಪಂಪು, ಸೋರಿಕೆ.
ಎಪ್ಪತ್ತೆರಡು ಕಪಾಟು, ಒಂದೊಂದರಲ್ಲೂ ಸಾವಿರದಿಪ್ಪತ್ತನಾಲ್ಕು ಮಿದುಳು,
ಮುಂದಿನ ನೂರು ವರ್ಷದ ಮಳೆ ಎಣಿಸಿ ಎಣಿಸಿ ಕಾದಿರುತ್ತವೆ.
ಜ್ವರ ಇಳಿಸುವುದಷ್ಟೇ ನನ್ನ ಕೆಲಸ.

ವೀಬ್ಕೆ ತನ್ನ ಆಪರೇಟಿಂಗ್ ಸಿಸ್ಟಮ್ ತಂದಿದ್ದಳು, ಕೋಟಿನ ಜೇಬಲ್ಲಿ.
ಸಣ್ಣದು, ಅಂದಳು,
ಉಪ್ಪು ನೋಡದೆ ಬಡಿಸಿದವಳ ಸಂಕೋಚದಲ್ಲಿ.
ಇದರೊಳಗೆ ಎಲ್ಲವೂ ಕಡತವೇ. ತಂತಿ, ತೆರೆ, ಪಕ್ಕದವನ ನೆನಪು.
ಹೆಸರು ಗೊತ್ತಿದ್ದರೆ ತೆರೆದು ಓದಬಹುದು.
ನೀರೂ? ಅಂದೆ, ತಮಾಷೆಗೆ.

ಮೊದಲ ಸಲ ನಾಲ್ಕು ಸಾವಿರಕ್ಕೆ ಮುಗ್ಗರಿಸಿತು.
ಅಷ್ಟೂ ಮಿದುಳು ಒಂದೇ ಬಾಗಿಲಿಗೆ ಬಂದು
ಒಂದೇ ಪುಟ ಕೇಳಿದ್ದವು. ಬಾಗಿಲೇ ಕುಸಿಯಿತು.
ಓಝ್‌ಗ್ಯುರ್ ಉಗುರು ಕಡಿಯುತ್ತಿದ್ದ.
ನನಗೇನು ತಿಳಿಯುತ್ತೆ, ಆದರೂ ಬಾಯಿ ತಡೆಯಲಿಲ್ಲ:
ನಮ್ಮೂರಲ್ಲಿ ಕೊಟ್ಟಿಗೆಗೆ ಬೆಂಕಿ ಬಿದ್ದಾಗ
ಎಲ್ಲರೂ ಬಾವಿಗೆ ಓಡಲಿಲ್ಲ. ಬಕೆಟು ಕೈಯಿಂದ ಕೈಗೆ ಬಂತು.
ಅವನು ನನ್ನನ್ನೇ ನೋಡಿದ. ಆಮೇಲೆ ಕೀಲಿಮಣೆಯನ್ನು.
ಹನ್ನೊಂದು ಸಾಲು ಬದಲಾದವು.

ಎರಡು ಮೂವತ್ತೆಂಟಕ್ಕೆ,
ಎರಡನೆಯ ಎರಡು ಮೂವತ್ತೆಂಟಕ್ಕೆ, ಹಾಜರಿ.
ಇದ್ದೇನೆ, ಇದ್ದೇನೆ, ಇದ್ದೇನೆ,
ಓದಲಾಗದಷ್ಟು ಜೋರಾಗಿ ತೆರೆ ಹರಿಯಿತು.
ಎಪ್ಪತ್ತಮೂರು ಸಾವಿರದ ಏಳುನೂರ ಇಪ್ಪತ್ತೇಳು.
ಒಂದು ಕಮ್ಮಿ.

ಟಾರ್ಚು ಹಿಡಿದು ಹೋದೆ. ನಲವತ್ತನೆಯ ಕಪಾಟು, ಕೆಳಗಿಂದ ಮೂರನೆಯ ಹಲಗೆ.
ಅಂಗೈ ಇಟ್ಟರೆ ಬೆಚ್ಚಗಿದೆ.
ಒಳಗೇನೋ ಮಾಡುತ್ತಿದೆ, ಹೆಸರು ಮಾತ್ರ ಹೇಳದು.
ಇರಲಿ ಬಿಡಿ, ಅಂದಳು ವೀಬ್ಕೆ. ನನ್ನ ತಮ್ಮನೂ ಶಾಲೆಯಲ್ಲಿ ಹೀಗೇ ಇದ್ದ.

ಮೂರಕ್ಕೆ ಹವಾಮಾನದವರ ಸರದಿ. ಎಲ್ಲ ಅಳಿಸಿಹೋಯಿತು.
ಅದಕ್ಕೆ ಚೂರು ಮೊದಲು ಅವಳು ತೆರೆಯನ್ನು ನನ್ನತ್ತ ತಿರುಗಿಸಿದಳು:
ಒಂದು ಕಡತ, ಹೆಸರು ‘ನೀರು’.
ಒಳಗೆ ಒಂದೇ ಸಾಲು, ಹದಿನೇಳು ಪಾಯಿಂಟ್ ನಾಲ್ಕು.
ಓಡಿಹೋಗಿ ಮೀಟರು ನೋಡಿದೆ. ಅಷ್ಟೇ ಇತ್ತು.

ಹೊಲದಂಚಿನಲ್ಲಿ ಸಕ್ಕರೆ ಬೀಟಿನ ರಾಶಿ ಮಂಜಲ್ಲಿ ನೆನೆಯುತ್ತಿತ್ತು.
ಕಾಫಿ ಕಾಸಲು ಹೋದೆವು.
ಅಲ್ಲಿನ ಒಲೆಯ ಗಡಿಯಾರಕ್ಕೆ ಯಾರೂ ಹೇಳಿರಲಿಲ್ಲ,
ಅದರಲ್ಲಿ ಆಗಲೇ ನಾಲ್ಕು.