ತೊಗಲ ವಾಷರು

"ಸ್ಪ್ರಿಂಗ್ ಬಿಚ್ಚೂಮುಂದ ಎದಿಗೆ ಹಿಡೀಬ್ಯಾಡ ತಂಗಿ,
ಹಾರಿದ್ರ ಹಲ್ಲು ಹೋಗ್ತಾವ," ಅಂದಿದ್ದ ಯಂಕೋಬ.
ಗೋಡೆಗೆ ಒತ್ತಿ ಬಿಚ್ಚಿದೆ
ಮಾವನ ಕಾಲದ ಗಾಳಿ ಬಂದೂಕು.

ಪಿಸ್ಟನ್ನಿನ ತುದಿಗೆ ಸುಟ್ಟ ಹಪ್ಪಳದಂಥ ಬಿಲ್ಲೆ,
ಬೆರಳು ತಾಕಿದ್ದೇ ಪುಡಿ.
ಇದಕ್ಕೇ ಇಷ್ಟು ದಿನ
ಗುಂಡು ನಳಿಗೆಯಿಂದ ಕೆಮ್ಮಿಕೊಂಡು ಬಿದ್ದು,
ಹತ್ತಿ ಗಿರಣಿಯ ತೊಲೆ ಮೇಲೆ ಪಾರಿವಾಳ
ನನ್ನನ್ನೇ ನೋಡುತ್ತ ಕೂತದ್ದು.

ತೀನ್ ಕಂದಿಲ್ ಹಿಂದಿನ ಸಂದಿಯಲ್ಲಿ
ಚಪ್ಪಲಿ ಅಟ್ಟೆಯ ಅಂಚಿನಿಂದ ದುಂಡಗೆ ಕೊಯ್ದು ಕೊಟ್ಟ.
"ಬೋರಿಂಗ್ ಪಂಪಿಗೂ ಇದನ್ನ ಕೊಡ್ತೀನಿ.
ನೀರಾದ್ರೇನು, ಗಾಳಿಯಾದ್ರೇನು, ತೊಗಲಿಗೆ ಒಂದೇ.
ಬಿಸಿಲಾಗ ಮಾತ್ರ ಇಡಬ್ಯಾಡ."
ರಾಯಚೂರಲ್ಲಿ ನಿಂತು ಹೇಳುವ ಮಾತೇ ಅದು!

ಮೂರು ರಾತ್ರಿ ಕುಸುಬಿ ಎಣ್ಣೆಯಲ್ಲಿ ನೆನೆಯಿತು,
ಮಾಡದಲ್ಲಿ, ಉಪ್ಪಿನಕಾಯಿ ಜಾಡಿಯ ಪಕ್ಕ.
ಅತ್ತೆ ಬಟ್ಟಲು ಎತ್ತಿ ಮೂಸಿ,
ಏನೂ ಕೇಳದೆ ಅಲ್ಲೇ ಇಟ್ಟಳು.

ನಾಲ್ಕನೆಯ ಬೆಳಿಗ್ಗೆ ಗಿರಣಿಯಂಗಳದ ಖಾಲಿ ಡಬ್ಬಿಗೆ ಮೊದಲ ಗುಂಡು.
ಢಣ್.
ನಳಿಗೆಯ ಬಾಯಲ್ಲಿ ನೀಲಿ ಹೊಗೆ,
ಮಿರ್ಚಿ ಕರಿದಂಥ ವಾಸನೆ.
ತೊಲೆ ಮೇಲಿನವು ಅಷ್ಟೂ ಒಮ್ಮೆಲೇ ಎದ್ದು
ತಗಡಿನ ಚಾವಣಿ ದಾಟಿ ಹೋದವು.

ಬಂದೂಕು ಗೋಡೆಗೆ ಒರಗಿಸಿ,
ಬೀಗದ ಕೈ ಗೊಂಚಲು ಮಡಿಲಲ್ಲಿಟ್ಟುಕೊಂಡು ಕೂತೆ.
ಹೊತ್ತಾದರೂ ಒಂದೂ ಬರಲಿಲ್ಲ.
ತೊಲೆ ಅಷ್ಟು ಉದ್ದ ಇತ್ತೆಂದು
ಗೊತ್ತಿರಲಿಲ್ಲ.